ಕೋಳಿ ಸೂಪಿಗೆ ಜರ್ಮನ್ ರವೆ ಕಡುಬು: ಕರಗಲೂಬಾರದು, ಕಲ್ಲಾಗಲೂಬಾರದು

ಕೇಳಿದವರು, ಸ್ಟುಟ್‌ಗಾರ್ಟ್‌ನಿಂದ:

ಭಾನುವಾರ ಮನೆಯಲ್ಲಿ ಐದು ಜನಕ್ಕೆ ಇಲ್ಲಿನ ರೀತಿಯ ಕೋಳಿ ಸೂಪು ಮಾಡಬೇಕು. ಅದರಲ್ಲಿ ತೇಲುವ ರವೆ ಕಡುಬು, ಗ್ರೀಸ್‌ಕ್ಲೋಸ್‌ಶೆನ್ ಅಂತಾರಲ್ಲ, ಅದು ಬೇಕೇ ಬೇಕು ಅಂತ ಮಕ್ಕಳ ಹಟ. ಎರಡು ಸಲ ಮಾಡಿ ನೋಡಿದೆ. ಮೊದಲ ಸಲ ಕಡುಬು ಕರಗಿ ಗಂಜಿಯಾಯಿತು. ಎರಡನೇ ಸಲ ಹೊರಗೆಲ್ಲ ಮೆತ್ತಗೆ, ನಡುವೆ ಗೋಲಿ. ಸೂಪಂತೂ ಎರಡು ಸಲವೂ ಅಕ್ಕಿ ತೊಳೆದ ನೀರಿನ ಬಣ್ಣ. ರವೆಯನ್ನು ಉಪ್ಪಿಟ್ಟಿಗೆ ಹುರಿದ ಹಾಗೇ ಹುರಿದು ಹಾಕಿದ್ದೆ, ಕಡುಬನ್ನು ಸೂಪಿನಲ್ಲೇ ಬೇಯಿಸಿದ್ದೆ. ತಪ್ಪು ಎಲ್ಲಿ? ಗೊತ್ತಿರುವವರು ಅಳತೆ ಸಮೇತ ಹೇಳಿ.

ಮ್ಯೂನಿಕ್‌ನಿಂದ:

ಮೊದಲ ತಪ್ಪು ಹುರಿದದ್ದು. ಉಪ್ಪಿಟ್ಟಿಗೆ ರವೆ ಹುರಿಯುವುದು ಯಾಕೆ? ಕಾಳು ಕಾಳು ಬಿಡಿಬಿಡಿಯಾಗಿ ಉದುರುದುರಾಗಿ ಬರಲಿ ಅಂತ. ಕಡುಬಿಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ, ಕಾಳಿಗೆ ಕಾಳು ಅಂಟಬೇಕು. ಹುರಿದ ರವೆಗೆ ಅಂಟು ಕಡಿಮೆ, ನೀರು ಹೀರುವುದೂ ನಿಧಾನ. ಹಸಿ ರವೆಯನ್ನೇ ಹಾಕಿ.

ಅಳತೆಗೆ ಬವೇರಿಯಾದ ಅಡುಗೆಮನೆಗಳ ಹಳೇ ಲೆಕ್ಕ ಹೀಗಿದೆ: ಒಡೆದ ಮೊಟ್ಟೆ ಎಷ್ಟು ತೂಗುತ್ತದೋ ಅಷ್ಟು ಬೆಣ್ಣೆ, ಅದರ ಎರಡರಷ್ಟು ರವೆ. ಐದು ಜನಕ್ಕೆ ಎರಡು ಮೊಟ್ಟೆ (ಸಿಪ್ಪೆ ಬಿಟ್ಟು 100 ಗ್ರಾಂ), 100 ಗ್ರಾಂ ಬೆಣ್ಣೆ, 200 ಗ್ರಾಂ ರವೆ, ಅರ್ಧ ಚಹಾ ಚಮಚ ಉಪ್ಪು, ಜಾಯಿಕಾಯಿ ನಾಲ್ಕೈದು ಸಲ ತುರಿದಷ್ಟು. ಚಿಕ್ಕ ಕಡುಬು ಇಪ್ಪತ್ತೈದರ ಹತ್ತಿರ ಆಗುತ್ತವೆ. ಮೊಟ್ಟೆಯನ್ನು ಎಣಿಸಬೇಡಿ, ತೂಗಿ. ಇಲ್ಲಿನ ಎಂ ಸೈಜಿನ ಮೊಟ್ಟೆ ಸಿಪ್ಪೆ ಸಮೇತ 53ರಿಂದ 63 ಗ್ರಾಂ, ಎಲ್ ಸೈಜಿನದು 63ರಿಂದ 73. ಎಲ್ ಮೊಟ್ಟೆ ಒಡೆದು ಬೆಣ್ಣೆ, ರವೆಯನ್ನು ಎಂ ಲೆಕ್ಕದಲ್ಲೇ ಹಾಕಿದರೆ ಹಿಟ್ಟು ಸಡಿಲವಾಗುತ್ತದೆ. ಮೊದಲ ಸಲದ ಗಂಜಿಗೆ ಅದೂ ಒಂದು ಕಾರಣ ಇದ್ದೀತು.

ಬೆಣ್ಣೆ ಕರಗಿರಬಾರದು, ಬೆರಳಿಟ್ಟರೆ ಕುಳಿ ಬೀಳುವಷ್ಟು ಮೆತ್ತಗಿರಬೇಕು. ಅದನ್ನು ಬಿಳುಪಾಗುವ ತನಕ ಚೆನ್ನಾಗಿ ನೊರೆ ಬರಿಸಿ. ಮೂರು ನಾಲ್ಕು ನಿಮಿಷದ ಕೆಲಸ, ಆದರೆ ಕಡುಬು ಹಗುರಾಗುವುದು ಈ ಗಾಳಿಯಿಂದಲೇ. ಮೊಟ್ಟೆಗಳೂ ಫ್ರಿಜ್ಜಿನಿಂದ ಹೊರಗಿಟ್ಟು ತಣ್ಣಗಿನ ಚಳಿ ಬಿಟ್ಟಿರಲಿ, ಇಲ್ಲದಿದ್ದರೆ ಬೆಣ್ಣೆ ಗಂಟುಗಂಟಾಗಿ ಒಡೆದುಕೊಳ್ಳುತ್ತದೆ. ಒಡೆದರೂ ಗಾಬರಿ ಬೇಡ, ಒಂದು ಚಮಚ ರವೆ ಹಾಕಿ ಕಲಸಿದರೆ ಕೂಡಿಕೊಳ್ಳುತ್ತದೆ. ಆಮೇಲೆ ಉಳಿದ ರವೆ, ಉಪ್ಪು, ಜಾಯಿಕಾಯಿ ಸೇರಿಸಿ ಮುಚ್ಚಿಡಿ.

ಈ ಮುಚ್ಚಿಡುವುದನ್ನೇ ಹೆಚ್ಚಿನವರು ಬಿಡುತ್ತಾರೆ. ಸಣ್ಣ ರವೆಗೆ 15 ನಿಮಿಷ, ದಪ್ಪ ರವೆಗೆ ಅರ್ಧ ಗಂಟೆ. ಅಷ್ಟರಲ್ಲಿ ರವೆ ಮೊಟ್ಟೆಯ ನೀರು ಕುಡಿದು, ಮೊದಲು ಸುರಿಯುವಂತಿದ್ದ ಹಿಟ್ಟು ಚಮಚದಲ್ಲಿ ನಿಲ್ಲುತ್ತದೆ. ಕಲಸಿದ ತಕ್ಷಣ ತೆಳ್ಳಗಿದೆ ಅಂತ ಇನ್ನೊಂದು ಹಿಡಿ ರವೆ ಸುರಿದರೆ ಅಲ್ಲೇ ಗೋಲಿ ತಯಾರಾಯಿತು. ಒಂದು ಗಂಟೆಗಿಂತ ಹೆಚ್ಚು ಬಿಟ್ಟರೂ ಕಷ್ಟ, ಬಿಗಿದುಕೊಂಡು ಚಮಚಕ್ಕೆ ಬರುವುದಿಲ್ಲ.

ವಿಯೆನ್ನಾದಿಂದ:

ಮೇಲಿನ ಅಳತೆ ಸರಿ. ಬೇಯಿಸುವ ಕ್ರಮ ಸೇರಿಸುತ್ತೇನೆ, ನಡುವಿನ ಗೋಲಿಗೆ ಮದ್ದು ಇರುವುದು ಅಲ್ಲೇ.

ಬಾಯಿ ಅಗಲವಾದ ಪಾತ್ರೆಯಲ್ಲಿ ಎರಡು ಲೀಟರ್ ನೀರಿಗೆ ಎರಡು ಚಹಾ ಚಮಚ ಉಪ್ಪು ಹಾಕಿ ಕುದಿಸಿ, ಆಮೇಲೆ ಉರಿ ಇಳಿಸಿ. ನೀರು ಕೊತಕೊತ ಕುದಿಯಬಾರದು, ಮೇಲ್ಮೈ ನಡುಗುತ್ತಿದ್ದರೆ ಸಾಕು. ಎರಡು ಚಹಾ ಚಮಚಗಳನ್ನು ಬಿಸಿನೀರಿಗೆ ಅದ್ದಿ, ಹಿಟ್ಟನ್ನು ಒಂದರಿಂದ ಇನ್ನೊಂದಕ್ಕೆ ಮೂರು ಸಲ ಹೊರಳಿಸಿದರೆ ಮೂರು ಮೂಲೆಯ ಉದ್ದನೆ ಕಡುಬು ಆಗುತ್ತದೆ. ಇಲ್ಲಿ ಅದಕ್ಕೆ ನೊಕರ್ಲ್ ಅನ್ನುತ್ತಾರೆ. ಅಂಗೈಯಲ್ಲಿ ಉಂಡೆ ಕಟ್ಟಿ ಒತ್ತಬೇಡಿ, ಬೆಣ್ಣೆಗೆ ತುಂಬಿದ ಗಾಳಿಯೆಲ್ಲ ಹೋಗುತ್ತದೆ.

ಮೊದಲು ಒಂದೇ ಒಂದನ್ನು ಬಿಡಿ. ಐದು ನಿಮಿಷ ನೋಡಿ. ಅಂಚು ಬಿಟ್ಟು ಕರಗತೊಡಗಿದರೆ ಉಳಿದ ಹಿಟ್ಟಿಗೆ ಎರಡು ಚಹಾ ಚಮಚ ರವೆ ಸೇರಿಸಿ ಮತ್ತೆ ಹತ್ತು ನಿಮಿಷ ಮುಚ್ಚಿಡಿ. ತೀರಾ ಬಿಗಿಯಾಗಿದ್ದರೆ ಒಂದು ದೊಡ್ಡ ಚಮಚ ಹಾಲು. ಈ ಒಂದು ಕಡುಬು ಹಾಳಾದರೂ ಚಿಂತೆಯಿಲ್ಲ, ಉಳಿದ ಇಪ್ಪತ್ತನಾಲ್ಕು ಉಳಿಯುತ್ತವೆ.

ಎಲ್ಲ ಬಿಟ್ಟ ಮೇಲೆ ಮುಚ್ಚಳ ಓರೆ ಮಾಡಿಟ್ಟು ಹತ್ತು ನಿಮಿಷ. ಕಡುಬು ಮೇಲೆ ತೇಲಿ ಬಂತು ಅಂದರೆ ಬೆಂದಿತು ಅಂತ ತಿಳಿಯಬೇಡಿ, ಅದು ಮೋಸ. ಒಳಗೆ ಗಾಳಿ ಇರುವುದರಿಂದ ಬೇಗ ತೇಲುತ್ತದೆ, ನಡುವಿನ ರವೆ ಇನ್ನೂ ಹಸಿಯಾಗಿರುತ್ತದೆ. ಹತ್ತು ನಿಮಿಷದ ನಂತರ ಒಲೆ ಆರಿಸಿ, ಅರ್ಧ ಲೋಟ ತಣ್ಣೀರು ಸುರಿದು, ಪೂರ್ತಿ ಮುಚ್ಚಿ ಇನ್ನೂ 15 ನಿಮಿಷ ಹಾಗೇ ಬಿಡಿ. ಆ ಬಿಸಿನೀರಿನಲ್ಲಿ ಸುಮ್ಮನೆ ಕೂತು ಕಡುಬು ಸುಮಾರು ಎರಡರಷ್ಟು ಉಬ್ಬುತ್ತದೆ. ಒಂದನ್ನು ಅಡ್ಡಕ್ಕೆ ಕತ್ತರಿಸಿ ನೋಡಿ. ಅಂಚಿನಿಂದ ನಡುವಿನ ತನಕ ಒಂದೇ ಬಣ್ಣ, ಸಣ್ಣ ಸಣ್ಣ ರಂಧ್ರ ಇದ್ದರೆ ಆಯಿತು. ನಡುವೆ ಗಾಢ ಹಳದಿ ಬೊಟ್ಟು ಕಂಡರೆ ಇನ್ನೂ ಐದು ನಿಮಿಷ ಬೇಕು.

ರವೆಯ ಪೊಟ್ಟಣದ ಮೇಲೆ ಎರಡು ಹೆಸರು ಕಾಣುತ್ತವೆ: ವೈಶ್‌ವೈಟ್ಸೆನ್‌ಗ್ರೀಸ್ ಅಂದರೆ ಮೆದು ಗೋಧಿಯದು, ಹಾರ್ಟ್‌ವೈಟ್ಸೆನ್‌ಗ್ರೀಸ್ ಅಂದರೆ ಡ್ಯೂರಮ್ ಗೋಧಿಯದು, ಬಣ್ಣ ಹಳದಿ. ಬೆಣ್ಣೆ ನೊರೆ ಬರಿಸುವ ಈ ವಿಧಾನಕ್ಕೆ ಎರಡನೆಯದೇ ಒಳ್ಳೆಯದು, ಆಕಾರ ಬಿಡುವುದಿಲ್ಲ.

ನ್ಯೂರೆಂಬರ್ಗ್‌ನಿಂದ:

ಕಡುಬಿನ ವಿಷಯ ಎಲ್ಲರೂ ಹೇಳಿದರು, ಸೂಪನ್ನೇ ಮರೆತಿರಿ. ಕದಡುವುದಕ್ಕೆ ಕಾರಣ ಎರಡು. ಒಂದು, ಕಡುಬನ್ನು ಸೂಪಿನಲ್ಲೇ ಬೇಯಿಸಿದ್ದು. ರವೆಯ ಪಿಷ್ಟವೆಲ್ಲ ಅಲ್ಲಿ ಬಿಟ್ಟುಕೊಳ್ಳುತ್ತದೆ, ಸಾಲದ್ದಕ್ಕೆ ಕಡುಬು ಸೂಪನ್ನೂ ಕುಡಿಯುತ್ತದೆ. ಇನ್ನೊಂದು, ಕುದಿಸಿದ್ದು. ಜೋರು ಕುದಿಯಲ್ಲಿ ಕೊಬ್ಬು ಮತ್ತು ನೊರೆ ಪುಡಿಪುಡಿಯಾಗಿ ನೀರಿನೊಳಗೇ ಬೆರೆತುಹೋಗುತ್ತವೆ, ಆಮೇಲೆ ಎಷ್ಟು ಸೋಸಿದರೂ ಹೋಗುವುದಿಲ್ಲ.

ಕೋಳಿ: ಸೂಪರ್‌ಮಾರ್ಕೆಟ್ಟಿನ ಫ್ರೀಜರಿನಲ್ಲಿ ಜುಪೆನ್‌ಹೂನ್ ಅಂತ ಸಿಗುತ್ತದೆ, ಮೊಟ್ಟೆ ಇಟ್ಟು ಮುಗಿಸಿದ ಹಣ್ಣು ಕೋಳಿ. ಒಂದೂವರೆ ಕೆಜಿಯದು ಸಾಕು. ಎಳೆಯ ಬ್ರಾಯ್ಲರ್‌ನಲ್ಲಿ ಆ ರುಚಿ ಬರುವುದಿಲ್ಲ. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ತಟ್ಟೆಯ ಮೇಲಿಟ್ಟು ಐಸ್ ಬಿಡಿಸಿ. ನಲ್ಲಿಯ ಕೆಳಗೆ ತೊಳೆಯುವ ಅಭ್ಯಾಸ ಇಲ್ಲಿ ಬಿಡಿ, ಸಿಡಿದ ನೀರಿನಿಂದ ಸಿಂಕಿನ ಸುತ್ತೆಲ್ಲ ಸೋಂಕು ಹರಡುತ್ತದೆ. ಕಾಗದದಲ್ಲಿ ಒರೆಸಿದರೆ ಸಾಕು.

ತಣ್ಣೀರಿನಲ್ಲೇ ಶುರು ಮಾಡಿ, ಮೂರು ಲೀಟರ್. ನಿಧಾನ ಬಿಸಿಯಾಗುತ್ತಾ ಬೂದು ಬಣ್ಣದ ನೊರೆ ಮೇಲೆ ಬರುತ್ತದೆ. ಮೊದಲ ಅರ್ಧ ಗಂಟೆ ಪಾತ್ರೆ ಬಿಟ್ಟು ಕದಲದೆ ಜಾಲರಿ ಸೌಟಿನಲ್ಲಿ ತೆಗೆಯುತ್ತಿರಿ, ಕಲಕಬೇಡಿ. ಆಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟೇ ಉರಿಯಲ್ಲಿ ಎರಡೂವರೆಯಿಂದ ಮೂರು ಗಂಟೆ. ತೊಡೆಯ ಮಾಂಸ ಫೋರ್ಕಿಗೆ ಎಳೆದರೆ ಬಿಡಬೇಕು.

ತರಕಾರಿ ಕೊನೆಯ ಮುಕ್ಕಾಲು ಗಂಟೆಗೆ. ಇಲ್ಲಿ ಅದನ್ನು ಕಟ್ಟು ಕಟ್ಟಿಯೇ ಮಾರುತ್ತಾರೆ, ಜುಪೆನ್‌ಗ್ರ್ಯೂನ್ ಅಂತ: ಕ್ಯಾರೆಟ್, ಸೆಲರಿ ಗಡ್ಡೆಯ ಹೋಳು, ಲೀಕ್, ಪಾರ್ಸ್ಲಿ. ಮೊದಲೇ ಹಾಕಿದರೆ ಮೂರು ಗಂಟೆಯಲ್ಲಿ ತರಕಾರಿ ಸಪ್ಪೆಯಾಗಿ ಸೂಪಿಗೂ ಹಳಸು ಬೆಂದ ವಾಸನೆ ಬರುತ್ತದೆ. ಲೀಕಿನ ಎಲೆಗಳ ಸಂದಿಯಲ್ಲಿ ಮರಳು ಇರುತ್ತದೆ, ಉದ್ದಕ್ಕೆ ಸೀಳಿ ತೊಳೆಯಿರಿ. ಈರುಳ್ಳಿಯನ್ನು ಸಿಪ್ಪೆ ಸಮೇತ ಅಡ್ಡಕ್ಕೆ ಎರಡು ಹೋಳು ಮಾಡಿ, ಎಣ್ಣೆಯಿಲ್ಲದ ಕಾವಲಿಯಲ್ಲಿ ಕತ್ತರಿಸಿದ ಮುಖ ಕಪ್ಪಾಗುವ ತನಕ ಸುಟ್ಟು ಹಾಕಿ. ಬಂಗಾರದ ಬಣ್ಣ ಬರುವುದು ಅದರಿಂದ, ಅರಿಸಿನದ ಗೊಡವೆ ಬೇಡ. ಎರಡು ಲಾರೆಲ್ ಎಲೆ, ಹತ್ತು ಕಾಳುಮೆಣಸು. ಸೋಸಿದ ಮೇಲೆ ಉಪ್ಪು, ಲೀಟರಿಗೆ ಒಂದೂವರೆ ಚಹಾ ಚಮಚದಷ್ಟು. ಮೊದಲೇ ಹಾಕಿದರೆ ನೀರು ಇಂಗಿದಂತೆ ಉಪ್ಪು ಏರುತ್ತದೆ.

ಶನಿವಾರವೇ ಸೂಪು ಮಾಡಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಕೊಬ್ಬು ಮೇಲೆ ಹಳದಿ ಬಿಲ್ಲೆಯಾಗಿ ನಿಂತಿರುತ್ತದೆ, ಎತ್ತಿ ತೆಗೆಯುವುದು ಸುಲಭ. ಪೂರ್ತಿ ತೆಗೆಯಬೇಡಿ ಮಾತ್ರ. ಸೂಪಿನ ಮೇಲೆ ಕಣ್ಣುಕಣ್ಣಾಗಿ ಕೊಬ್ಬು ತೇಲದಿದ್ದರೆ ಅದು ಜರ್ಮನ್ ಅಜ್ಜಿಯರ ಲೆಕ್ಕದಲ್ಲಿ ಸೂಪೇ ಅಲ್ಲ.

ಮೈಸೂರಿನಿಂದ:

ಊರಿನಲ್ಲಿ ಮಾಡುವವರಿಗೂ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲಿನ ಸಾಮಾನು ಬೇರೆ. ಬ್ರಾಯ್ಲರ್ ಬದಲು ಲೇಯರ್ ಕೋಳಿ ಅಥವಾ ನಾಟಿ ಕೋಳಿ ಕೇಳಿ, ಚರ್ಮ ಬಿಡಿಸದೆ ಕೊಡಲು ಹೇಳಿ. ನಾಲ್ಕು ಕೋಳಿ ಕಾಲು ಸೇರಿಸಿದರೆ ಸೂಪು ತುಟಿಗೆ ಅಂಟುವಷ್ಟು ಗಟ್ಟಿ ಬರುತ್ತದೆ. ಬ್ರಾಯ್ಲರೇ ಸಿಕ್ಕಿದರೆ 50 ನಿಮಿಷಕ್ಕೆ ಹೊರತೆಗೆದು ಮಾಂಸ ಬಿಡಿಸಿಕೊಂಡು, ಮೂಳೆ ಮತ್ತು ಕಾಲು ಮಾತ್ರ ಮತ್ತೊಂದು ಗಂಟೆ ಬೇಯಿಸಿ. ಕುಕ್ಕರಿನಲ್ಲೂ ಆಗುತ್ತದೆ: ಹಣ್ಣು ಕೋಳಿಗೆ ಒಂದು ವಿಸಿಲ್ ಬಂದ ಮೇಲೆ ಸಣ್ಣ ಉರಿಯಲ್ಲಿ 45 ನಿಮಿಷ. ಪ್ರೆಶರ್ ತಾನಾಗಿ ಇಳಿಯಲಿ. ವಿಸಿಲ್ ಎತ್ತಿ ಬಿಟ್ಟರೆ ಒಳಗೆ ಭರ್ರನೆ ಕುದಿದು ಸೂಪು ಕದಡುತ್ತದೆ.

ಪಲಾವ್ ಎಲೆ ಲಾರೆಲ್ ಎಲೆಯಲ್ಲ. ಅದು ದಾಲ್ಚಿನ್ನಿಯ ಬಳಗದ್ದು, ಹಾಕಿದರೆ ಸೂಪಿನಲ್ಲಿ ಬಿರಿಯಾನಿ ವಾಸನೆ ಬರುತ್ತದೆ. ಲಾರೆಲ್ ಸಿಗದಿದ್ದರೆ ಬಿಟ್ಟುಬಿಡಿ. ಸೆಲರಿ ಗಡ್ಡೆ ಸಿಗದಿದ್ದರೆ ಸೆಲರಿ ದಂಟು ಎರಡು.

ರವೆಯಲ್ಲಿ ಚಿರೋಟಿ ರವೆ ಮೆತ್ತಗೆ ಬರುತ್ತದೆ, ಬೇಗ ನೆನೆಯುತ್ತದೆ. ಉಪ್ಪಿಟ್ಟಿನ ಬಾಂಬೆ ರವೆಯೂ ಆಗುತ್ತದೆ, ಅರ್ಧ ಗಂಟೆ ನೆನೆಯಲೇಬೇಕು. ಪೊಟ್ಟಣದ ಮೇಲೆ ಹುರಿದ ರವೆ ಅಂತ ಬರೆದಿದೆಯೋ ನೋಡಿಕೊಳ್ಳಿ, ಬೇಡ. ಅಂಗಡಿಯ ಬೆಣ್ಣೆಯಲ್ಲಿ ಉಪ್ಪು ಇರುತ್ತದೆ, ಹಾಗಿದ್ದರೆ ಹಿಟ್ಟಿಗೆ ಬೇರೆ ಉಪ್ಪು ಹಾಕಬೇಡಿ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಮಜ್ಜಿಗೆ ನೀರನ್ನು ಚೆನ್ನಾಗಿ ಹಿಂಡಿ ತೆಗೆಯಿರಿ, ಉಳಿದರೆ ಅಳತೆ ತಪ್ಪಿ ಕಡುಬು ಕರಗುತ್ತದೆ.

ಕೇಳಿದವರು:

ಉಪಕಾರ ಆಯ್ತು, ಎಲ್ಲರಿಗೂ. ಇನ್ನೆರಡು ಪ್ರಶ್ನೆ. ಬೆಣ್ಣೆ ಕಡಿಮೆ ಹಾಕುವ ವಿಧಾನ ಇದೆಯಾ? ಕಡುಬನ್ನೂ ಶನಿವಾರವೇ ಮಾಡಿಡಬಹುದಾ?

ಮ್ಯೂನಿಕ್‌ನಿಂದ:

ಇದೆ. ಜರ್ಮನಿಯ ಎಷ್ಟೋ ಮನೆಗಳಲ್ಲಿ ಮಾಡುವುದು ಹಾಲಿನದೇ. 250 ಎಂಎಲ್ ಹಾಲು, 20 ಗ್ರಾಂ ಬೆಣ್ಣೆ, ಉಪ್ಪು, ಜಾಯಿಕಾಯಿ ಕುದಿಸಿ. ಉರಿ ಸಣ್ಣ ಮಾಡಿ 100 ಗ್ರಾಂ ಮೆದು ಗೋಧಿಯ ರವೆಯನ್ನು ಕಲಕುತ್ತಾ ಸುರಿಯಿರಿ. ಕೇಸರಿಬಾತಿಗೆ ತಿರುವಿದ ಹಾಗೆ ಒಂದು ನಿಮಿಷ ತಿರುವಿದರೆ ತಳ ಬಿಟ್ಟು ಮುದ್ದೆಯಾಗುತ್ತದೆ. ಇಲ್ಲಿ ನಿಮ್ಮ ಉಪ್ಪಿಟ್ಟಿನ ಕೈ ಕೆಲಸಕ್ಕೆ ಬರುತ್ತದೆ. ಕೆಳಗಿಳಿಸಿ ಒಂದು ಮೊಟ್ಟೆ ತಕ್ಷಣ ಬೆರೆಸಿ, ಐದು ನಿಮಿಷ ಆರಿದ ಮೇಲೆ ಎರಡನೆಯದು. ರವೆ ಆಗಲೇ ಅರ್ಧ ಬೆಂದಿರುವುದರಿಂದ ಗೋಲಿಯ ಭಯವಿಲ್ಲ. ನಡುಗುವ ನೀರಿನಲ್ಲಿ ಎಂಟು ನಿಮಿಷ, ಆರಿಸಿ ಮುಚ್ಚಿ ಐದು ನಿಮಿಷ. ಮಕ್ಕಳಿಗೆ ಇದೇ ಇಷ್ಟವಾಗುತ್ತದೆ, ಇನ್ನೂ ಮೆತ್ತಗಿರುತ್ತದೆ. ರುಚಿ ಬೆಣ್ಣೆಯದ್ದೇ ಮೇಲು, ಅದರಲ್ಲಿ ಮಾತಿಲ್ಲ.

ವಿಯೆನ್ನಾದಿಂದ:

ಹಾಲು ಹಾಕಿದ್ದನ್ನು ಇಲ್ಲಿ ಯಾರೂ ನೊಕರ್ಲ್ ಅನ್ನಲಾರರು, ಆದರೆ ಜಗಳ ಬೇಡ.

ಮುಂಚೆ ಮಾಡಿಡಬಹುದು. ಬೆಂದ ಕಡುಬನ್ನು ಬೇಯಿಸಿದ ನೀರಿನಲ್ಲೇ ರಾತ್ರಿಯಿಡೀ ಬಿಡಬೇಡಿ, ಜಾಲರಿ ಸೌಟಿನಲ್ಲಿ ತೆಗೆದು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ, ಆರಿದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಎರಡು ದಿನ ಇರುತ್ತದೆ. ಹೆಚ್ಚಾದರೆ ತಟ್ಟೆ ಸಮೇತ ಫ್ರೀಜರಿಗೆ ಇಟ್ಟು, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ಬಡಿಸುವಾಗ ಸೂಪು ಬಿಸಿ ಮಾಡಿ, ಬೇಕಾದಷ್ಟೇ ಕಡುಬು ಹಾಕಿ ಕುದಿ ಬರಿಸದೆ ಐದು ನಿಮಿಷ. ಫ್ರೀಜರಿನದಾದರೆ ಹತ್ತು.

ನ್ಯೂರೆಂಬರ್ಗ್‌ನಿಂದ:

ಬಟ್ಟಲಿಗೆ ಮೊದಲು ಕಡುಬು ನಾಲ್ಕು, ಬಿಡಿಸಿದ ಮಾಂಸ, ಹೊಸದಾಗಿ ಬೇಯಿಸಿದ ಕ್ಯಾರೆಟ್ ಒಂದಿಷ್ಟು (ಸೂಪಿನಲ್ಲಿ ಬೆಂದದ್ದರ ಸಾರವೆಲ್ಲ ಹೋಗಿರುತ್ತದೆ, ಅದನ್ನು ಬಿಸಾಡಿ), ಮೇಲೆ ಸೂಪು, ಕೊನೆಗೆ ಸಣ್ಣಗೆ ಹೆಚ್ಚಿದ ಚೈವ್ಸ್. ಕೊತ್ತಂಬರಿ ಉದುರಿಸುವ ಆಸೆ ಬಂದರೆ ತಡೆದುಕೊಳ್ಳಿ, ಜಾಯಿಕಾಯಿಯ ವಾಸನೆ ಸತ್ತುಹೋಗುತ್ತದೆ.