ಡಿಸೆಂಬರ್‌ನಲ್ಲಿ ಅಮ್ಮನ ಜೊತೆ ಥೇಮ್ಸ್ ದಂಡೆಯ ನಡಿಗೆ: ಬಸವಣ್ಣನಿಂದ ಶುರು ಮಾಡಲಾ?

ಹೊಳೆಸಾಲು:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಅಮ್ಮ ಲಂಡನ್‌ಗೆ ಬರುತ್ತಿದ್ದಾರೆ. ವಯಸ್ಸು 68, ನಿಧಾನ, ಆದರೆ ನಡೆಯೋದಂದ್ರೆ ಇಷ್ಟ. ಬಸವಣ್ಣನ ಪ್ರತಿಮೆ ನೋಡಲೇಬೇಕು ಅಂತ ಟಿಕೆಟ್ ಮಾಡಿಸಿದ ದಿನವೇ ಹೇಳಿಟ್ಟಿದ್ದಾರೆ. ಅದೊಂದನ್ನೇ ನೋಡಿ ವಾಪಸ್ ಬರೋದಕ್ಕೆ ಮನಸ್ಸಿಲ್ಲ, ದಾರಿಯಲ್ಲಿ ಸಿಗುವ ಶಿಲ್ಪ, ಚಿತ್ರ ಎಲ್ಲ ನೋಡಿಕೊಂಡು ಮಿಲೆನಿಯಂ ಸೇತುವೆವರೆಗೆ ಹೋಗೋಣ ಅಂತಿದ್ದೀನಿ. ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತಲ್ವಾ, ಎಷ್ಟು ಹೊತ್ತಿಗೆ ಹೊರಡಲಿ? ಏನನ್ನು ಬಿಡಬಾರದು?

ತೇಜಸ್ವಿನಿತೀರ:
ಒಂದೂವರೆಗೆ ವಾಕ್ಸ್‌ಹಾಲ್ ಸ್ಟೇಷನ್‌ನಲ್ಲಿ ಇಳಿಯಿರಿ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲೆ ನದಿಯನ್ನು ಎಡಗಡೆ ಇಟ್ಟುಕೊಂಡು ನಡೆದರೆ ಬಸವಣ್ಣ ಸಿಗುತ್ತಾರೆ. 2015ರ ನವೆಂಬರ್ 14ರಂದು ಅನಾವರಣವಾದದ್ದು. ದೊಡ್ಡದಿರುತ್ತೆ ಅಂತ ಅಂದುಕೊಂಡು ಹೋಗಬೇಡಿ, ಎದೆಮಟ್ಟದ ಪ್ರತಿಮೆ. ಸುಮ್ನೆ ಸ್ವಲ್ಪ ಹೊತ್ತು ನಿಂತು ನೋಡಿ.

ಲ್ಯಾಂಬೆತ್ ಸೇತುವೆ ಹತ್ತದೆ ಇದೇ ದಂಡೆಯಲ್ಲಿ ಮುಂದೆ ಹೋದರೆ, ಪಾರ್ಲಿಮೆಂಟ್ ಎದುರಿಗೆ ಕೋವಿಡ್ ನೆನಪಿನ ಗೋಡೆ. ಅರ್ಧ ಕಿಲೋಮೀಟರ್ ಉದ್ದಕ್ಕೂ ಕೈಯಲ್ಲಿ ಬರೆದ ಕೆಂಪು ಹೃದಯಗಳು, 2 ಲಕ್ಷಕ್ಕೂ ಜಾಸ್ತಿ. ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದು. 2021ರಲ್ಲಿ ಶುರುವಾಯಿತು. ಮಳೆಗೆ ಬಣ್ಣ ಮಾಸುತ್ತೆ, ಸ್ವಯಂಸೇವಕರು ಬಂದು ಮತ್ತೆ ಬಳಿಯುತ್ತಾರೆ. ಇದನ್ನು ಬೆಳಕಿದ್ದಾಗಲೇ ನೋಡಬೇಕು, ಹೆಸರುಗಳು ತುಂಬಾ ಸಣ್ಣ ಅಕ್ಷರದಲ್ಲಿವೆ.

ವೆಸ್ಟ್‌ಮಿನ್‌ಸ್ಟರ್ ಸೇತುವೆ ತುದಿಯ ಸಿಂಹವನ್ನೂ ಹತ್ತಿರದಿಂದ ನೋಡಿ. ಅದು ಕಡೆದ ಕಲ್ಲಲ್ಲ, ಕೋಡ್ ಸ್ಟೋನ್, ಅಂದರೆ ಅಚ್ಚಿಗೆ ಹಾಕಿ ಗೂಡಿನಲ್ಲಿ ಸುಟ್ಟ ಜೇಡಿಮಣ್ಣು. 18ನೇ ಶತಮಾನದಲ್ಲಿ ಎಲಿನರ್ ಕೋಡ್ ಅನ್ನುವ ಹೆಂಗಸು ಇದೇ ಲ್ಯಾಂಬೆತ್‌ನಲ್ಲಿ ಆ ಕಾರ್ಖಾನೆ ನಡೆಸುತ್ತಿದ್ದರು. ಸಿಂಹ 1837ರದು, ಆದರೂ ಕೇಸರದ ಗೆರೆಗಳು ಹೊಸದರ ಹಾಗಿವೆ.

ಉಣ್ಣೆಶಾಲು:
ನಾನಾಗಿದ್ದರೆ ಮಿಲೆನಿಯಂ ಸೇತುವೆಯಿಂದ ಶುರು ಮಾಡಿ ಬಸವಣ್ಣನ ಕಡೆಗೆ ಬರುತ್ತಿದ್ದೆ. ಮಿಲೆನಿಯಂ ಸೇತುವೆ ಮೇಲೆ ತುಳಿದು ಅಂಟಿಹೋದ ಚೂಯಿಂಗ್ ಗಮ್ ಮೇಲೆಯೇ ಬೆನ್ ವಿಲ್ಸನ್ ಅನ್ನುವ ಕಲಾವಿದರು ಚಿತ್ರ ಬಿಡಿಸುತ್ತಾರೆ. ಒಂದೊಂದು ಹೆಚ್ಚುಕಮ್ಮಿ ನಾಣ್ಯದಷ್ಟೇ ಇರುತ್ತೆ. ಬಗ್ಗಿ ಹುಡುಕಬೇಕು, ಕತ್ತಲಾದರೆ ಒಂದೂ ಕಾಣಲ್ಲ.

ತೇಜಸ್ವಿನಿತೀರ:
ಅದು ನಿಜ, ಆದರೆ ಅಮ್ಮ ಬರುತ್ತಿರೋದೇ ಬಸವಣ್ಣನಿಗೋಸ್ಕರ ಅಲ್ವಾ. ಅಷ್ಟು ದೂರ ನಡೆದು ಸುಸ್ತಾದ ಮೇಲೆ ಕತ್ತಲಲ್ಲಿ ಅವರನ್ನು ಅಲ್ಲಿ ನಿಲ್ಲಿಸಬಾರದು. ಅದೂ ಅಲ್ಲದೆ ವಾಟರ್ಲೂ ಸೇತುವೆ ಹತ್ತಿರ ಬರುವಷ್ಟರಲ್ಲಿ ಕತ್ತಲಾದರೆ ಒಳ್ಳೆಯದೇ. ಲಂಡನ್ ಸೇತುವೆಯಿಂದ ಲ್ಯಾಂಬೆತ್‌ವರೆಗೆ 9 ಸೇತುವೆಗಳಿಗೆ ಲಿಯೋ ವಿಲ್ಲಾರಿಯಲ್ ಅನ್ನುವ ಕಲಾವಿದರು ಬೆಳಕಿನ ಕಲೆ ಮಾಡಿದ್ದಾರೆ, ಬಣ್ಣ ಮೆಲ್ಲಗೆ ಬದಲಾಗುತ್ತಾ ನೀರಿನ ಮೇಲೆ ಬೀಳುತ್ತೆ. ಬೇಸಿಗೆಯಲ್ಲಿ ಅದನ್ನು ನೋಡೋಕೆ ರಾತ್ರಿ ಹತ್ತರವರೆಗೆ ಕಾಯಬೇಕು. ಚಳಿಗಾಲದಲ್ಲಿ ವಯಸ್ಸಾದವರೂ ಮಕ್ಕಳೂ ಸಂಜೆ ಐದಕ್ಕೇ ನೋಡಬಹುದು.

ಕಾಲುದಾರಿ:
ನದಿಗಾಳಿ ಕಿವಿಗೆ ಕೊರೆಯುತ್ತೆ, ಟೋಪಿ ಮರೀಬೇಡಿ. ಸುಸ್ತಾದರೆ ರಾಯಲ್ ಫೆಸ್ಟಿವಲ್ ಹಾಲ್ ಒಳಗೆ ಬೆಚ್ಚಗೆ ಕೂರಬಹುದು, ಅದಕ್ಕೆ ಟಿಕೆಟ್ ಬೇಡ. ಅದರ ಪಕ್ಕದಲ್ಲೇ ಮಂಡೇಲಾ ಪ್ರತಿಮೆ ಇದೆ. 1985ರಲ್ಲಿ ಇಟ್ಟದ್ದು, ಆಗ ಅವರು ಇನ್ನೂ ಜೈಲಿನಲ್ಲಿದ್ದರು.

ಹೊಳೆಸಾಲು:
ನಿನ್ನೆ ಹೋಗಿಬಂದೆವು. ಅಮ್ಮ ಆ ಚಳಿಯಲ್ಲೂ ಶೂ ಬಿಚ್ಚಿಟ್ಟು ಕಾಲುಚೀಲದಲ್ಲೇ ನಿಂತು ಬಸವಣ್ಣನಿಗೆ ಕೈ ಮುಗಿದರು. ನೆಲ ಒದ್ದೆಯಿತ್ತು, ಬೇಡ ಅಂದರೂ ಕೇಳಲಿಲ್ಲ. ಕೋವಿಡ್ ಗೋಡೆ ಹತ್ತಿರ ಒಂದೊಂದೇ ಹೆಸರು ಓದುತ್ತಾ ಮುಕ್ಕಾಲು ಗಂಟೆ ಕಳೆದರು. ಹಾಗಾಗಿ ವಾಟರ್ಲೂ ಸೇತುವೆ ದೀಪ ನೋಡಿ ಅಲ್ಲಿಂದಲೇ ಮನೆಗೆ ಬಂದೆವು. ಚೂಯಿಂಗ್ ಗಮ್ ಚಿತ್ರಗಳಿಗೆ ಶನಿವಾರ ಬೆಳಿಗ್ಗೆ ಹೋಗ್ತೀವಿ, ಉಣ್ಣೆಶಾಲು ಅವರೇ, ಸೇತುವೆಯ ಯಾವ ತುದಿಯಿಂದ ಹುಡುಕಬೇಕು?