ಪದಚರ್ಚೆ: ಬ್ರೇಕ್ ಹಿಡಿಯಿತು, ಹಿಡಿದುಕೊಂಡಿತು, ಕಚ್ಚಿಕೊಂಡಿತು, ಎಬಿಎಸ್‌ನ 'ಲಾಕ್' ಇದರಲ್ಲಿ ಯಾವುದು?

ಎಲ್ಲರಿಗೂ ನಮಸ್ಕಾರ.

ಒಂದು ಪದ ತಪ್ಪಾಗಿ ಹೇಳಿದ್ದಕ್ಕೆ ಹೋದ ತಿಂಗಳು ನನಗೆ ಒಂದೂವರೆ ದಿನ ಮತ್ತು ಸಾವಿರದ ಎಂಟುನೂರು ರೂಪಾಯಿ ದಂಡವಾಯಿತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನದು 2006ರ ಕಾರು. ಎಬಿಎಸ್ (ಆಂಟಿ ಲಾಕ್ ಬ್ರೇಕಿಂಗ್ ಸಿಸ್ಟಮ್) ಇದೆ, ಅಂದರೆ ಬ್ರೇಕ್ ಜೋರಾಗಿ ತುಳಿದಾಗ ಚಕ್ರ ನಿಂತುಹೋಗಿ ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ. ಆಗೆಲ್ಲ ಅದು ಜಾಸ್ತಿ ದುಡ್ಡು ಕೊಟ್ಟವರ ಗಾಡಿಗೆ ಮಾತ್ರ. ನಮ್ಮ ದೇಶದಲ್ಲಿ ಎಲ್ಲ ಹೊಸ ಕಾರಿಗೂ ಕಡ್ಡಾಯವಾಗಿದ್ದು 2019ರ ಏಪ್ರಿಲ್‌ನಿಂದ. ಈ ಕಾರು ಮೊದಲ ಹತ್ತು ವರ್ಷ ಉಡುಪಿಯಲ್ಲಿ ಸಮುದ್ರದ ಗಾಳಿ ಕುಡಿದು, ಆಮೇಲೆ ಶಿವಮೊಗ್ಗಕ್ಕೆ ಬಂದದ್ದು. ತುಕ್ಕಿಗೆ ಇಷ್ಟು ಸಾಕು.

ತೊಂದರೆ ಹೀಗಿತ್ತು. ಸಿಗ್ನಲ್‌ನಲ್ಲಿ ನಿಧಾನಕ್ಕೆ ಬ್ರೇಕ್ ಒತ್ತುತ್ತೇನೆ. ಗಾಡಿ ಇನ್ನೇನು ನಿಲ್ಲಬೇಕು, ಮನುಷ್ಯ ನಡೆಯುವಷ್ಟೇ ವೇಗ ಉಳಿದಿದೆ. ಆಗ ಪಾದದ ಕೆಳಗೆ ಟರ್‌ರ್‌ರ್ ಅಂತ ಸದ್ದು. ಪೆಡಲ್ ವಾಪಸ್ ಒದೆಯುತ್ತದೆ. ನಿಲ್ಲಬೇಕಾದ ಗಾಡಿ ಇನ್ನೊಂದು ಮಾರು ಮುಂದೆ ಹೋಗಿ ನಿಲ್ಲುತ್ತದೆ. ಮುಂದಿನ ಸ್ಕೂಟರಿನವರು ತಿರುಗಿ ನೋಡಿದ್ದೂ ಉಂಟು. ಎಬಿಎಸ್ ಲೈಟ್ ಮಾತ್ರ ಬಂದಿಲ್ಲ.

ಗ್ಯಾರೇಜಿಗೆ ಹೋಗಿ ನಾನು ಹೇಳಿದ ಮಾತು ಇದು: "ಮೇಸ್ತ್ರಿ, ನಿಲ್ಲಿಸೋ ಹೊತ್ತಿಗೆ ಬ್ರೇಕ್ ಕಚ್ಚಿಕೊಳ್ತಿದೆ."

ನನ್ನ ತಲೆಯಲ್ಲಿದ್ದ ಲೆಕ್ಕ ಸರಳ. ಚಕ್ರ ಲಾಕ್ ಆದರೆ ಎಬಿಎಸ್ ಕೆಲಸ ಮಾಡುತ್ತದೆ. ಲಾಕ್ ಅಂದರೆ ಕಚ್ಚಿಕೊಳ್ಳೋದು. ಆಯ್ತಲ್ಲ?

ಮೇಸ್ತ್ರಿ ಕೇಳಿದರು, "ಯಾವ ಚಕ್ರ ಬಿಸಿ ಆಗ್ತದೆ ಸಾರ್?" ನಾನು ಮುಟ್ಟಿ ನೋಡಿರಲಿಲ್ಲ. ಅವರು ಮುಂದಿನ ಎರಡೂ ಕ್ಯಾಲಿಪರ್ (ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ) ಬಿಚ್ಚಿದರು. ಪಿನ್ನುಗಳನ್ನು ಉಜ್ಜಿ ಗ್ರೀಸ್ ಹಾಕಿದರು. ಪ್ಯಾಡ್‌ಗಳನ್ನು ಎಮರಿ ಕಾಗದದಲ್ಲಿ ತಿಕ್ಕಿದರು. ಮಾರನೆಯ ದಿನ ಗಾಡಿ ತಗೊಂಡು ಹೊರಟರೆ ಮೊದಲ ತಿರುವಿನಲ್ಲೇ ಮತ್ತೆ ಟರ್‌ರ್‌ರ್. ವಾಪಸ್ ಹೋಗಿ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡೆ. ಎರಡು ಸಲ ಕೇಳಿಸಿಕೊಂಡು ನಕ್ಕರು.

"ಸಾರ್, ಇದು ಕಚ್ಚೋದಲ್ಲ, ಬಿಡೋದು. ಎಬಿಎಸ್ ಬ್ರೇಕ್ ಬಿಡ್ತಾ ಇದೆ. ನೀವು ಉಲ್ಟಾ ಹೇಳಿದ್ರಿ."

ನಿಜ. ಗ್ಯಾರೇಜಿನ ಕನ್ನಡದಲ್ಲಿ 'ಬ್ರೇಕ್ ಕಚ್ಚಿಕೊಂಡಿದೆ' ಅಂದರೆ ಪೆಡಲ್‌ನಿಂದ ಕಾಲು ತೆಗೆದರೂ ಪ್ಯಾಡ್ ಡಿಸ್ಕನ್ನು ಬಿಡುತ್ತಿಲ್ಲ ಅಂತ ಅರ್ಥ. ಚಕ್ರ ಕಾಯುತ್ತದೆ, ಮೈಲೇಜ್ ಬೀಳುತ್ತದೆ, ನ್ಯೂಟ್ರಲ್‌ನಲ್ಲಿ ತಳ್ಳಿದರೆ ಗಾಡಿ ಭಾರ. ಮೇಸ್ತ್ರಿ ಅದಕ್ಕೇ ಬಿಸಿ ಕೇಳಿದ್ದು. ಅವರು ನನ್ನ ಮಾತನ್ನು ಸರಿಯಾಗೇ ಅರ್ಥ ಮಾಡಿಕೊಂಡಿದ್ದರು. ತಪ್ಪಾಗಿ ಆಡಿದವನು ನಾನು.

ಆಮೇಲೆ ಮನೆಯಲ್ಲಿ ಕೂತು ಯೋಚಿಸಿದೆ. ಈ 'ಕೊಳ್ಳು' ಮಾಡುವ ಕೆಲಸ ನೋಡಿ. 'ಬ್ರೇಕ್ ಹಿಡಿಯಿತು' ಅಂದರೆ ಸಂತೋಷದ ಸುದ್ದಿ. 'ನಿನ್ನ ಗಾಡಿ ಬ್ರೇಕ್ ಚೆನ್ನಾಗಿ ಹಿಡೀತದಪ್ಪ' ಅನ್ನೋದು ಹೊಗಳಿಕೆ. 'ಬ್ರೇಕ್ ಹಿಡಿದುಕೊಂಡಿತು' ಅಂದ ಕೂಡಲೇ ಗ್ಯಾರೇಜಿಗೆ ದಾರಿ. ಸೊಂಟ ಹಿಡಿದುಕೊಂಡಿತು, ಕತ್ತು ಹಿಡಿದುಕೊಂಡಿತು ಅನ್ನುತ್ತೇವಲ್ಲ, ಅದೇ ಸಾಲಿಗೆ ಸೇರುತ್ತದೆ. 'ಹಿಡಿ'ಯಲ್ಲಿ ಹಿಡಿದದ್ದು ಬಿಡುತ್ತದೆ. 'ಹಿಡಿದುಕೊಳ್ಳು' ಅಂದಾಗ ಬಿಡುವ ಲಕ್ಷಣವಿಲ್ಲ. ಕಚ್ಚು, ಕಚ್ಚಿಕೊಳ್ಳು ಕೂಡ ಹಾಗೇ. ಒಂದು ಸಹಾಯಕ ಕ್ರಿಯಾಪದ ಗುಣವನ್ನು ರೋಗ ಮಾಡಿಬಿಡುತ್ತದೆ. ವ್ಯಾಕರಣ ಬಲ್ಲವರು ಇದಕ್ಕೆ ಇನ್ನೂ ಉದಾಹರಣೆ ಕೊಡಬೇಕು.

ಹಾಗಾದರೆ ಎಬಿಎಸ್ ತಪ್ಪಿಸುವ ಆ 'ಲಾಕ್' ಯಾವುದು? ಅಲ್ಲಿ ಪ್ಯಾಡ್ ಬಿಡದೆ ಇರುವ ರೋಗ ಏನೂ ಇಲ್ಲ. ನಾವು ಗಟ್ಟಿಯಾಗಿ ತುಳಿದಿದ್ದೇವೆ, ಬ್ರೇಕ್ ಚೆನ್ನಾಗೇ ಹಿಡಿದಿದೆ. ಅತಿಯಾಗಿ ಹಿಡಿದಿದೆ. ಚಕ್ರ ನಿಂತಿದೆ, ಗಾಡಿ ನಿಂತಿಲ್ಲ. ಟೈರು ಉರುಳುವ ಬದಲು ಜಾರುತ್ತಿದೆ. ಆಗುಂಬೆ ಘಾಟಿಯಲ್ಲಿ ಮಳೆಗಾಲದಲ್ಲಿ ಹಳೇ ಜೀಪು ಇಳಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ಟಿಯರಿಂಗ್ ಎತ್ತ ತಿರುಗಿಸಿದರೂ ಗಾಡಿ ಮೂಗಿನ ನೇರಕ್ಕೆ.

ಇದು ನನಗೆ ಸುಮ್ನೆ ಕುತೂಹಲದ ಪ್ರಶ್ನೆಯಲ್ಲ. ಐಟಿಐ ಸೇರಿದ ಪಕ್ಕದ ಮನೆ ಹುಡುಗನಿಗೂ ಅವನ ಗೆಳೆಯರಿಗೂ ಹಳೇ ಗಾಡಿಯ ಎಬಿಎಸ್ ತೊಂದರೆ ಹುಡುಕುವ ಬಗ್ಗೆ ಎಂಟು ಪುಟದ ಕನ್ನಡ ಟಿಪ್ಪಣಿ ಬರೆಯುತ್ತಿದ್ದೇನೆ. ಎಬಿಎಸ್‌ಗೆ ಕನ್ನಡ ಏನು ಅಂತ ಕಂಪ್ಯೂಟರನ್ನು ಕೇಳಿದರೆ 'ಬೀಗ ವಿರೋಧಿ ಬ್ರೇಕಿಂಗ್ ವ್ಯವಸ್ಥೆ' ಅಂದಿತು. ಬೀಗರ ಮೇಲೆ ಸಿಟ್ಟಾಗಿ ಮದುವೆ ಊಟ ಬಿಟ್ಟು ಎದ್ದು ಹೋದವರ ನೆನಪಾಯಿತು. ಬೀಗ ಖಂಡಿತ ಬೇಡ.

ಹೆಸರು ಹುಟ್ಟಿದ ಕಡೆ ಸ್ವಲ್ಪ ನೋಡಿದೆ. ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್‌ನ ಎಸ್ ಕ್ಲಾಸ್ ಕಾರಿಗೆ ಬಂದಿದ್ದು 1978ರಲ್ಲಿ. (ಬಾಷ್ ಅಂದರೆ ನಮ್ಮ ಬೆಂಗಳೂರಿನ ಹಳಬರಿಗೆ ಆಡುಗೋಡಿಯ ಮೈಕೋ.) ಆ ಮೂರಕ್ಷರ ಜರ್ಮನ್ನಿನ 'ಆಂಟಿಬ್ಲಾಕಿಯರ್‌ಸಿಸ್ಟೆಮ್' ಎಂಬುದರದ್ದು. ಇಂಗ್ಲಿಷಿಗೂ ಅದೇ ಮೂರಕ್ಷರ ಹೊಂದಿಕೊಂಡಿತು. ಅದಕ್ಕೂ ಮೊದಲು, 1950ರ ದಶಕದಲ್ಲೇ, ವಿಮಾನದ ಚಕ್ರಗಳಿಗೆ ಡನ್‌ಲಪ್ ಕಂಪನಿಯ ಮ್ಯಾಕ್ಸರೆಟ್ ಎಂಬ ಯಾಂತ್ರಿಕ ಸಾಧನ ಬಂದಿತ್ತು. 1966ರ ಜೆನ್ಸನ್ ಎಫ್‌ಎಫ್ ಕಾರಿನಲ್ಲೂ ಅದನ್ನು ಹಾಕಿದ್ದರು. ವಿಮಾನದವರು ಇಂದಿಗೂ ಇದಕ್ಕೆ 'ಆಂಟಿ ಸ್ಕಿಡ್' ಅನ್ನುತ್ತಾರೆ. ಅಂದರೆ ಒಬ್ಬರು ಚಕ್ರ ನಿಲ್ಲುವುದನ್ನು ನೋಡಿ ಹೆಸರಿಟ್ಟರು, ಇನ್ನೊಬ್ಬರು ಗಾಡಿ ಜಾರುವುದನ್ನು ನೋಡಿ ಇಟ್ಟರು. ನನಗೆ ಎರಡನೆಯದೇ ಹಿಡಿಸುತ್ತದೆ.

ಯಾಕೆ ಅಂದರೆ ಎಬಿಎಸ್‌ನ ಕಣ್ಣಿಗೆ 'ಲಾಕ್' ಅನ್ನೋದು ಪೂರ್ತಿ ನಿಲ್ಲುವುದೇ ಆಗಬೇಕಿಲ್ಲ. ಬೇರೆ ಚಕ್ರಗಳಿಗಿಂತ ಒಂದು ಚಕ್ರ ಇದ್ದಕ್ಕಿದ್ದಂತೆ ನಿಧಾನವಾದರೆ ಸಾಕು, ನಿಲ್ಲುವುದಕ್ಕೆ ಮೊದಲೇ ಆ ಚಕ್ರದ ಒತ್ತಡ ಇಳಿಸುತ್ತದೆ. ನನ್ನ ಗಾಡಿಯಲ್ಲಿ ಆದದ್ದೂ ಇದೇ. ಮೇಸ್ತ್ರಿ ಸ್ನೇಹಿತರಿಂದ ಗಾಡಿಯ ಕಂಪ್ಯೂಟರ್ ಓದುವ ದೊಡ್ಡ ಸ್ಕ್ಯಾನರ್ ತಂದರು. ಫೋನಿಗೆ ಜೋಡಿಸುವ ನನ್ನ ಅಗ್ಗದ ಸ್ಕ್ಯಾನರ್ ಇಂಜಿನ್ ಬಿಟ್ಟು ಬೇರೇನೂ ಓದುತ್ತಿರಲಿಲ್ಲ. ದೊಡ್ಡದರಲ್ಲೂ ತೊಂದರೆ ತೋರಿಸುವ ಕೋಡ್ ಇರಲಿಲ್ಲ. ಆದರೆ ಗಾಡಿಯನ್ನು ಮೆಲ್ಲಗೆ ಓಡಿಸುತ್ತಾ ನಾಲ್ಕೂ ಚಕ್ರದ ವೇಗ ನೋಡಿದರೆ, ಮೂರು ಚಕ್ರ 6 ಕಿಲೋಮೀಟರ್ ತೋರಿಸುವಾಗ ಎಡಗಡೆ ಮುಂದಿನದು ಸೊನ್ನೆ! ತಿರುಗುತ್ತಿರುವ ಚಕ್ರವನ್ನು ನಿಂತಿದೆ ಅಂತ ನಂಬಿ ಎಬಿಎಸ್ ಬ್ರೇಕ್ ಬಿಡುತ್ತಿತ್ತು.

ಆ ಚಕ್ರದ ವೇಗ ಅಳೆಯುವ ಸೆನ್ಸರ್ ಹೋಗಿದೆ ಅಂತ ನಾನು ತೀರ್ಮಾನ ಮಾಡಿದೆ. ಮೇಸ್ತ್ರಿ ಒಪ್ಪಲಿಲ್ಲ. ಇದು ಹಳೇ ಬಗೆಯ ಸೆನ್ಸರ್, ಅಯಸ್ಕಾಂತಕ್ಕೆ ತಂತಿ ಸುತ್ತಿದ್ದು. ಎದುರಿಗೆ ಹಲ್ಲಿನ ರಿಂಗ್ ತಿರುಗಿದರೆ ಸಣ್ಣ ಎಸಿ ವೋಲ್ಟೇಜ್ ಹುಟ್ಟುತ್ತದೆ. ನಿಧಾನವಾದಷ್ಟೂ ವೋಲ್ಟೇಜ್ ಕಡಿಮೆ. ಮೀಟರ್ ಹಿಡಿದರೆ ನಾಲ್ಕೂ ಸೆನ್ಸರ್ 1,100 ಓಮ್ ಆಸುಪಾಸು, ತಂತಿ ತುಂಡಾಗಿಲ್ಲ. ಮೀಟರನ್ನು ಎಸಿಗೆ ಹಾಕಿ ಚಕ್ರವನ್ನು ಕೈಯಲ್ಲಿ ಒಂದೇ ಹದಕ್ಕೆ ತಿರುಗಿಸಿದಾಗ ಗುಟ್ಟು ಸಿಕ್ಕಿತು. ಬಲಗಡೆಗಿಂತ ಎಡಗಡೆ ಅರ್ಧವೂ ಬರುತ್ತಿಲ್ಲ. ಬಿಚ್ಚಿ ನೋಡಿದರೆ ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಹೊಪ್ಪಳೆ ಎದ್ದು, ಸೆನ್ಸರನ್ನೇ ಉಗುರಿನಷ್ಟು ಮೇಲಕ್ಕೆತ್ತಿದೆ. ಉಡುಪಿಯ ಉಪ್ಪು. ತುದಿಗೆ ಕಬ್ಬಿಣದ ಪುಡಿ ಬೇರೆ ಮೀಸೆಯ ಹಾಗೆ ಅಂಟಿತ್ತು. ತುಕ್ಕು ಕೆರೆದು, ಒರೆಸಿ, ಕೂರಿಸಿದರು. ಸೆನ್ಸರ್ ಹಳೆಯದೇ. ಟರ್‌ರ್‌ರ್ ನಿಂತಿತು. ಇದಕ್ಕೆ ಅವರು ತಗೊಂಡಿದ್ದು ಮುನ್ನೂರು ರೂಪಾಯಿ.

(ಟಿಪ್ಪಣಿ ಓದುವ ಹುಡುಗರಿಗೆ ಬರೆದ ಎಚ್ಚರಿಕೆ ಇಲ್ಲೂ ಇರಲಿ: ಹೊಸ ಬಗೆಯ ಸೆನ್ಸರ್‌ಗಳಿಗೆ ಹೊರಗಿನಿಂದ ಕರೆಂಟ್ ಬೇಕು, ಒಳಗೆ ಚಿಪ್ ಇರುತ್ತದೆ. ಅವಕ್ಕೆ ಓಮ್ ಮೀಟರ್ ಹಿಡಿಯಬಾರದು.)

ಇನ್ನು ಟಿಪ್ಪಣಿಯಲ್ಲಿ ನನ್ನನ್ನು ಕಾಡುತ್ತಿರುವ ಬೇರೆ ಮಾತುಗಳು.

ಪೆಡಲ್‌ನದು ಮೊದಲು. ಡಿಸ್ಕ್ ಬೆಂಡಾಗಿದ್ದರೆ ಜೋರಾಗಿ ಹೋಗುವಾಗ ಬ್ರೇಕ್ ಒತ್ತಿದರೆ ಪೆಡಲ್ 'ನಡುಗುತ್ತದೆ'. ಎಬಿಎಸ್ ಬಂದರೆ 'ಒದೆಯುತ್ತದೆ'. ನಮ್ಮ ಮೇಸ್ತ್ರಿ ಈ ಎರಡನ್ನೂ ಎಂದೂ ಅದಲು ಬದಲು ಮಾಡುವುದಿಲ್ಲ. ಗಿರಾಕಿಗಳು ಎರಡಕ್ಕೂ 'ವೈಬ್ರೇಶನ್' ಅನ್ನುತ್ತಾರೆ, ಅಲ್ಲಿಗೆ ಡಿಸ್ಕ್ ಸುಮ್ನೆ ಲೇತಿಗೆ ಹೋಗುತ್ತದೆ. ಕನ್ನಡದಲ್ಲಿ ಇಷ್ಟು ಚಂದದ ಎರಡು ಮಾತು ಇರುವಾಗ ಆ ಒಂದನ್ನೇ ಯಾಕೆ ಹಿಡಿದುಕೊಂಡಿದ್ದೇವೋ.

ಲೈಟಿನದು ಇನ್ನೂ ಸೂಕ್ಷ್ಮ. ಕೀ ತಿರುಗಿಸಿದಾಗ ಎಬಿಎಸ್ ಲೈಟ್ ಕೆಲವು ಸೆಕೆಂಡ್ 'ಬಂದು ಹೋಗುತ್ತದೆ'. ಅದು ಆರೋಗ್ಯ, ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದೆ. ಓಡುವಾಗ ಲೈಟ್ 'ಬರ್ತಾ ಹೋಗ್ತಾ ಇರುತ್ತದೆ'. ಅದು ಲೂಸ್ ಕಾಂಟ್ಯಾಕ್ಟ್, ಅರ್ತ್ ಸರಿಯಿಲ್ಲದ್ದು, ಸೋತ ಬ್ಯಾಟರಿ, ಇಂಥದ್ದು. ಎರಡರಲ್ಲೂ ಇರುವುದು ಅದೇ ಬರು, ಅದೇ ಹೋಗು. ಫೋನಿನಲ್ಲಿ ಗಿರಾಕಿ ಹೇಳುವಾಗ ಯಾವುದು ಅಂತ ತಿಳಿಯದೆ ಪೇಚಾಟ. ಮೂರನೆಯದು 'ಲೈಟೇ ಬರಲ್ಲ'. ಹಳೇ ಗಾಡಿ ಕೊಳ್ಳುವವರು ಇದನ್ನು ಕೇಳಿ ಖುಷಿಪಡಬಾರದು. ಕೀ ತಿರುಗಿಸಿದಾಗಲೂ ಬರದಿದ್ದರೆ ಯಾರೋ ಬಲ್ಬ್ ಕಿತ್ತಿರಬಹುದು. ಎಬಿಎಸ್ ಲೈಟ್ ಒಂದೇ ಉಳಿದರೆ ಮಾಮೂಲಿ ಬ್ರೇಕ್ ಇದ್ದೇ ಇರುತ್ತದೆ. ಜೊತೆಗೆ ಕೆಂಪು ಬ್ರೇಕ್ ಲೈಟೂ ಬಂದರೆ ಗಾಡಿ ಬದಿಗೆ ಹಾಕಿ ಮೊದಲು ಬ್ರೇಕ್ ಆಯಿಲ್ ನೋಡಬೇಕು.

'ಕಂಪ್ಲೇಂಟ್' ಬಗ್ಗೆ ನನಗೆ ತಕರಾರಿಲ್ಲ. 'ಎಬಿಎಸ್ ಕಂಪ್ಲೇಂಟ್ ಆಗಿದೆ' ಅಂದರೆ ಯಾರೂ ದೂರು ಕೊಟ್ಟಿಲ್ಲ, ಎಬಿಎಸ್ ಕೆಟ್ಟಿದೆ ಅಷ್ಟೇ. ಅದು ಈಗ ಕನ್ನಡದ ಪದವೇ. ಸೆನ್ಸರ್‌ಗೆ 'ಸಂವೇದಕ' ಪಠ್ಯಪುಸ್ತಕದಲ್ಲಿದೆ, ಇರಲಿ. ಗ್ಯಾರೇಜಿನ ಬಿಲ್ಲುಗಳಲ್ಲಿ ಮಾತ್ರ 'ಸೆನ್ಸಾರ್ ಕ್ಲೀನಿಂಗ್' ಅಂತ ಬರೆಯುತ್ತಾರೆ. ಸಿನಿಮಾದವರು ನೋಡಿದರೆ ಕೈ ಮುಗಿದಾರು.

ಈಗ ಕೇಳಬೇಕಾದದ್ದು. ಬ್ರೇಕ್ ತುಳಿದು ಚಕ್ರ ನಿಂತು ಗಾಡಿ ಜಾರುವುದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ನಮ್ಮಲ್ಲಿ 'ವೀಲ್ ಜಾಮ್' ಅನ್ನುತ್ತಾರೆ, ಆದರೆ ಬೇರಿಂಗ್ ಕೆಟ್ಟು ನಿಂತರೂ ಅದೇ ಮಾತು. ನಾನು ಸದ್ಯಕ್ಕೆ 'ಚಕ್ರ ಕಟ್ಟಿತು' ಅಂತ ಬರೆದಿದ್ದೇನೆ. ಮೂಗು ಕಟ್ಟಿತು, ಗಂಟಲು ಕಟ್ಟಿತು ಅನ್ನುವ ಹಾಗೆ. ನನ್ನ ಹೆಂಡತಿಗೆ ಅದು ಯಾರೋ ಹಗ್ಗದಲ್ಲಿ ಕಟ್ಟಿಹಾಕಿದಂತೆ ಕೇಳಿಸುತ್ತದಂತೆ. ಎಬಿಎಸ್‌ಗೆ 'ಜಾರುತಡೆ ಬ್ರೇಕ್' ಅಂತ ಒಂದೇ ಒಂದು ಸಲ ಬರೆದು, ಮುಂದೆಲ್ಲ ಎಬಿಎಸ್ ಅಂತಲೇ ಇಟ್ಟಿದ್ದೇನೆ. ಹುಬ್ಬಳ್ಳಿ, ಕಲಬುರಗಿ ಕಡೆಯವರು, ಲಾರಿ ಓಡಿಸಿದ ಅನುಭವ ಇರುವವರು ದಯವಿಟ್ಟು ಹೇಳಿ. ಎತ್ತಿನ ಗಾಡಿ ಇಳಿಜಾರಿನಲ್ಲಿ ಚಕ್ರ ತಿರುಗದೆ ಎಳೆದುಕೊಂಡು ಹೋದರೆ ನಿಮ್ಮ ಅಜ್ಜಂದಿರು ಬಳಸುತ್ತಿದ್ದ ಮಾತು ಸಿಕ್ಕರಂತೂ ನನಗೆ ಅದೇ ಬೇಕು.

ಟಿಪ್ಪಣಿ ಭಾನುವಾರ ಜೆರಾಕ್ಸಿಗೆ ಹೋಗುತ್ತದೆ.