ಹೆರಿಗೆಯಾಗಿ 14 ತಿಂಗಳು, ಹೊಟ್ಟೆ ಚರ್ಮ ಇನ್ನೂ ಜೋತು ಬಿದ್ದಿದೆ. ನೀವೇನು ಮಾಡಿದ್ರಿ?

ಎರಡನೇ ಹೆರಿಗೆ ನಂತರ ತೂಕ ಮೊದಲಿನಷ್ಟಕ್ಕೇ ಬಂದಿದೆ. ಆದ್ರೆ ಹೊಕ್ಕುಳ ಸುತ್ತ ಚರ್ಮ ಸುಕ್ಕುಗಟ್ಟಿದೆ, ಬಗ್ಗಿದರೆ ಕೈಗೆ ಸಿಗುತ್ತೆ. ಮಗು ಇನ್ನೂ ಹಾಲು ಕುಡೀತಿದೆ. ಬಾಣಂತನದಲ್ಲಿ ಹೊಟ್ಟೆ ಬಿಗಿಯಾಗಿ ಕಟ್ಟಿಕೊಳ್ಳಲಿಲ್ಲ, ಅದಕ್ಕೇ ಹೀಗೆ ಅಂತಾರೆ ಅತ್ತೆ. ಯಾರಿಗಾದ್ರೂ ಕಡಿಮೆ ಆಗಿದ್ಯಾ?

ತುಮಕೂರಿನಿಂದ:
ನಮ್ಮಮ್ಮ ಹಳೇ ಕಾಟನ್ ಸೀರೆಯಲ್ಲಿ 3 ತಿಂಗಳು ಬಿಗಿದು ಕಟ್ಟಿದ್ರು ಕಣಮ್ಮ. ಸೊಂಟಕ್ಕೆ ಹಿತವಾಗಿತ್ತು, ಸುಳ್ಳು ಹೇಳಲ್ಲ. ಚರ್ಮ ಮಾತ್ರ ನಿನ್ನ ಥರಾನೇ. ಅತ್ತೆಗೆ ಹೇಳು!

ಮೊದಲು ಅದು ಬರೀ ಚರ್ಮವೋ, ಒಳಗಿನ ಸ್ನಾಯುವೋ ನೋಡ್ಕೋ. ಅಂಗಾತ ಮಲಗಿ, ಮಂಡಿ ಮಡಚಿ, ತಲೆ ಸ್ವಲ್ಪ ಎತ್ತು. ಹೊಕ್ಕುಳ ಮೇಲೆ ಬೆರಳು ಅಡ್ಡ ಇಟ್ಟು ಒತ್ತು. ಎರಡು ಬೆರಳಿಗಿಂತ ಹೆಚ್ಚು ಸಂದು ಸಿಕ್ಕರೆ ಬಸುರಿನಲ್ಲಿ ದೂರ ಸರಿದ ಸ್ನಾಯು ಇನ್ನೂ ಕೂಡಿಲ್ಲ ಅಂತ. ನನಗೆ ಮೂರು ಹೋಗ್ತಿತ್ತು. ಗೊತ್ತಿಲ್ದೆ ವಿಡಿಯೋ ನೋಡ್ಕೊಂಡು ದಿನಾ 50 ಸಿಟ್‌ಅಪ್ ಮಾಡಿದೆ. ಏಳುವಾಗೆಲ್ಲ ಹೊಟ್ಟೆ ನಡುವೆ ದಿಂಡಿನ ಹಾಗೆ ಉಬ್ಬೋದು. ಫಿಸಿಯೋಥೆರಪಿ ಮೇಡಂ ಅದನ್ನ ನಿಲ್ಲಿಸಿ, ಉಸಿರು ಬಿಡ್ತಾ ಹೊಟ್ಟೆ ಒಳಗೆಳೆಯೋದರಿಂದ ಶುರು ಮಾಡಿಸಿದ್ರು. 5 ತಿಂಗಳಿಗೆ ಹೊಟ್ಟೆ ಒಳಗೆ ಹೋಯ್ತು. ಸುಕ್ಕು ಹಾಗೇ ಇದೆ, ಈಗ ಅದರ ಕಡೆ ನೋಡೋದೇ ಬಿಟ್ಟಿದ್ದೀನಿ.

ಮೈಸೂರಿನಿಂದ:
ಬಾದಾಮಿ ಎಣ್ಣೆ, ಕೊಬ್ಬರಿ ಎಣ್ಣೆ, ದುಬಾರಿ ಕ್ರೀಮು, ಎಲ್ಲಾ ಆಯ್ತು. ತುರಿಕೆ ಕಡಿಮೆಯಾಯ್ತು, ಅಷ್ಟೇ. ಚರ್ಮದ ಡಾಕ್ಟರ್ ಹೇಳಿದ್ದು: ಒಳಗಿನ ಕಾಲಜನ್, ಎಲಾಸ್ಟಿನ್ ಎಳೆಗಳೇ ಹಿಗ್ಗಿ ಸಡಿಲವಾಗಿವೆ. ಹಳೇ ಪೈಜಾಮದ ಎಲಾಸ್ಟಿಕ್ ಇದ್ದ ಹಾಗೆ, ಮೇಲೆ ಎಣ್ಣೆ ಸವರಿದ್ರೆ ಬಿಗಿಯಾಗುತ್ತಾ? ಹಾಲು ಕುಡಿಸ್ತಿದ್ದೀರಲ್ಲ, ರೆಟಿನಾಯ್ಡ್ (ವಿಟಮಿನ್ ಎ ಜಾತಿಯ ಔಷಧಿ) ಇರೋ ಕ್ರೀಮ್ ಡಾಕ್ಟರನ್ನ ಕೇಳದೆ ಹಚ್ಚಬೇಡಿ. ರೇಡಿಯೋಫ್ರೀಕ್ವೆನ್ಸಿ, ಅಂದ್ರೆ ರೇಡಿಯೋ ತರಂಗದಿಂದ ಚರ್ಮದ ಒಳಗೆ ಬಿಸಿ ಕೊಡೋ ಚಿಕಿತ್ಸೆ, 6 ಸಿಟ್ಟಿಂಗ್ ಮಾಡಿಸಿದೆ. ಒಂಚೂರು ಬಿಗಿಯಾಗಿದೆ, ನಮ್ಮೆಜಮಾನ್ರಿಗೆ ಗೊತ್ತೇ ಆಗಲಿಲ್ಲ.

ಹುಬ್ಬಳ್ಳಿಯಿಂದ:
ನಾನು ಟಮ್ಮಿ ಟಕ್ ಮಾಡಿಸೇನ್ರಿ. ಹೆಚ್ಚಿನ ಚರ್ಮ ಕತ್ತರಿಸಿ, ಸ್ನಾಯು ಕೂಡಿಸಿ ಹೊಲದ್ರು. ಸೊಂಟದ ಈ ತುದಿಯಿಂದ ಆ ತುದಿ ಮಟ ಗೆರಿ ಐತಿ. 6 ವಾರ ಬೆಲ್ಟ್, ಅಷ್ಟೂ ದಿನ ಕೂಸಿನ್ನ ಎತ್ತಂಗಿಲ್ಲ. ಅದಽ ಭಾಳ ಕಷ್ಟ ಆತು. ಇನ್ನೊಂದು ಕೂಸು ಬೇಕಂದ್ರ ಈಗ ಬ್ಯಾಡ್ರಿ, ಮತ್ತ ಹಿಗ್ಗತೈತಿ. ಇನ್ಶೂರೆನ್ಸ್‌ನವರು ಒಂದು ರೂಪಾಯಿನೂ ಕೊಡಲಿಲ್ಲ.

ಕೇಳಿದವಳು:
ಈಗಷ್ಟೇ ಮಲಗಿ ನೋಡ್ಕೊಂಡೆ. ಎರಡೂವರೆ ಬೆರಳು. ತುಮಕೂರಿನ ಅಕ್ಕ, ಆ ಉಸಿರಿನ ವ್ಯಾಯಾಮ ದಿನಕ್ಕೆ ಎಷ್ಟು ಸಲ ಮಾಡ್ತಿದ್ರಿ?